ತಂಗಿ ಆಪರೇಷನ್ ಥಿಯೇಟರ್ ಕೋರ್ಸ್ ಸೇರಬೇಕೆಂದಿದ್ದಾಳೆ: ಹಾಸನದ ಕಡೆಯವರು ದಯವಿಟ್ಟು ತಿಳಿಸಿ

ಅರಕಲಗೂಡಿನ ಅಣ್ಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಅರಕಲಗೂಡು ತಾಲ್ಲೂಕು. ತಂಬಾಕು, ಜೋಳ, ಒಂದಿಷ್ಟು ಆಲೂಗಡ್ಡೆ ಬೆಳೆಯುವ ಮನೆ. ತಂಗಿ ಈ ವರ್ಷ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ನೀಟ್ ಬರೆದಿದ್ದಳು, ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಕೋಚಿಂಗ್‌ಗೆ ಕಳುಹಿಸೋಣವೆಂದರೆ ಅವಳೇ ಬೇಡ ಎಂದಳು.

ಹೋದ ಚಳಿಗಾಲದಲ್ಲಿ ಅಪ್ಪನಿಗೆ ಹಾಸನದಲ್ಲಿ ಹರ್ನಿಯಾ ಆಪರೇಷನ್ ಆಯಿತು. ಥಿಯೇಟರ್ ಬಾಗಿಲಲ್ಲಿ ಹಸಿರು ಬಟ್ಟೆ ತೊಟ್ಟ ಒಬ್ಬರು ಬಂದು ಅಪ್ಪನ ಕೈ ಹಿಡಿದುಕೊಂಡು ಹೆಸರು ಕೇಳಿದರು, ಯಾವ ಕಡೆ ಆಪರೇಷನ್ ಎಂದು ಕೇಳಿದರು, ಬೆಳಿಗ್ಗೆಯಿಂದ ನೀರು ಕುಡಿದಿದ್ದೀರಾ ಎಂದು ಕೇಳಿದರು. ಅಪ್ಪ ನಡುಗುತ್ತಿದ್ದವರು ಸಮಾಧಾನವಾದರು. ನಾವು ಅವರನ್ನು ಡಾಕ್ಟರ್ ಎಂದುಕೊಂಡಿದ್ದೆವು. ಅವರು ಓ.ಟಿ. (ಆಪರೇಷನ್ ಥಿಯೇಟರ್) ತಂತ್ರಜ್ಞರು ಎಂದು ಆಮೇಲೆ ತಿಳಿಯಿತು. ಅಂದಿನಿಂದ ತಂಗಿಗೆ ಅದೇ ಗುಂಗು.

ನೆಂಟರು "ಟ್ರಾಲಿ ತಳ್ಳುವ ಕೆಲಸಕ್ಕೆ ಇಷ್ಟು ಓದಬೇಕೆ" ಎನ್ನುತ್ತಾರೆ. ಅಮ್ಮನಿಗೆ ರಾತ್ರಿ ಪಾಳಿಯ ಭಯ. ನನ್ನ ಚಿಂತೆ ಬೇರೆ. ನಾನು ಕುಡುಗೋಲಿನಲ್ಲಿ ಕೈ ಕೊಯ್ದುಕೊಂಡಾಗ ರಕ್ತ ನೋಡಿ ತಲೆಸುತ್ತಿ ಕುಳಿತುಬಿಟ್ಟವಳು ಇವಳು. ಡಿಪ್ಲೊಮಾ ಒಳ್ಳೆಯದೋ ಪದವಿಯೋ, ಕಾಲೇಜು ನೋಡುವುದು ಹೇಗೆ, ಈ ಕೆಲಸ ನಿಜಕ್ಕೂ ಏನು? ತಿಳಿದವರು ಹೇಳಿ.

ಹೊಳೆನರಸೀಪುರದ ತಂತ್ರಜ್ಞ:

ತಮ್ಮಾ, 16 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಟ್ರಾಲಿಯನ್ನೂ ತಳ್ಳುತ್ತೇನೆ. ರೋಗಿ ಟ್ರಾಲಿಯಲ್ಲಿರುವಾಗ ಅವರ ಉಸಿರು ನೋಡುತ್ತಾ ತಳ್ಳುವುದೂ ಕಲಿತು ಬರಬೇಕಾದ ಕೆಲಸವೇ. ನೆಂಟರಿಗೆ ಅಷ್ಟು ಹೇಳಿ. ಉಳಿದದ್ದನ್ನು ನಿಮಗೆ ವಿವರವಾಗಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲ ಕೇಸ್ ಒಂಬತ್ತಕ್ಕೆ ಎಂದರೆ ನಾನು ಏಳೂವರೆಗೆ ಒಳಗಿರುತ್ತೇನೆ. ಚಪ್ಪಲಿ ಬದಲಿಸಿ, ಬಟ್ಟೆ ಬದಲಿಸಿ, ನೇರವಾಗಿ ಅರಿವಳಿಕೆ ಯಂತ್ರದ ಹತ್ತಿರ ಹೋಗುತ್ತೇನೆ. ಗೋಡೆಯಿಂದ ಬರುವ ಆಮ್ಲಜನಕದ ಒತ್ತಡ ಸರಿಯಿದೆಯೇ, ಅದು ಕೈಕೊಟ್ಟರೆ ಯಂತ್ರದ ಹಿಂದಿನ ಸಿಲಿಂಡರ್ ತುಂಬಿದೆಯೇ, ಕೊಳವೆಗಳಲ್ಲಿ ಎಲ್ಲಿಯಾದರೂ ಗಾಳಿ ಸೋರುತ್ತಿದೆಯೇ ಎಂದು ನೋಡಬೇಕು. ಗಂಟಲಿನ ದ್ರವ ಹೀರುವ ಸಕ್ಷನ್ ಯಂತ್ರ ಹಚ್ಚಿ ಕೊಳವೆಯ ತುದಿಗೆ ಹೆಬ್ಬೆರಳು ಇಟ್ಟರೆ ಅದು ಬೆರಳನ್ನು ಎಳೆದು ಹಿಡಿಯಬೇಕು. ಗಂಟಲೊಳಗೆ ಬೆಳಕು ಬಿಟ್ಟು ನೋಡುವ ಲ್ಯಾರಿಂಗೋಸ್ಕೋಪ್ ಬಿಡಿಸಿ ಬಲ್ಬ್ ಉರಿಯುವುದನ್ನು ನೋಡಬೇಕು. ಒಂದು ಕೆಟ್ಟರೆ ಇರಲಿ ಎಂದು ಪಕ್ಕದಲ್ಲಿ ಇನ್ನೊಂದು ಸಿದ್ಧವಿರಬೇಕು. ಹೆಂಗಸರಿಗೆ ಸಾಮಾನ್ಯವಾಗಿ 7 ಅಥವಾ 7.5, ಗಂಡಸರಿಗೆ 8 ಅಥವಾ 8.5 ಮಿಲಿಮೀಟರ್ ಅಳತೆಯ ಉಸಿರುನಳಿಕೆ, ಗಂಟಲಿನೊಳಗೆ ಇಳಿಸುವ ಕೊಳವೆ. ಅದರ ಜೊತೆಗೆ ಒಂದು ಸಣ್ಣದನ್ನೂ ತೆಗೆದಿಟ್ಟಿರಬೇಕು.

ನನಗೆ ಕಲಿಸಿದ ಹಿರಿಯರೊಬ್ಬರು ಮೊದಲ ವಾರ ಏನನ್ನೂ ಮುಟ್ಟಲು ಬಿಡಲಿಲ್ಲ. ಎರಡನೆಯ ವಾರ ಕಣ್ಣು ಮುಚ್ಚಿಸಿ, ನನ್ನ ಬೆರಳನ್ನು ಸಣ್ಣ ಸಿಲಿಂಡರಿನ ಕತ್ತಿನ ಮೇಲೆ ಇಟ್ಟು, "ಗುಳಿಗಳು ಎಲ್ಲಿವೆ ಹೇಳು" ಎಂದರು. ಆ ಕತ್ತಿನಲ್ಲಿ ಎರಡು ಸಣ್ಣ ಗುಳಿಗಳಿರುತ್ತವೆ, ಯಂತ್ರದಲ್ಲಿ ಅವಕ್ಕೆ ಹೊಂದುವ ಎರಡು ಮೊಳೆಗಳಿರುತ್ತವೆ. ಅವು ಇರುವ ಜಾಗಗಳಿಗೆ ಸಂಖ್ಯೆ ಇದೆ: ಆಮ್ಲಜನಕಕ್ಕೆ 2 ಮತ್ತು 5, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲಕ್ಕೆ 3 ಮತ್ತು 5. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಆಮ್ಲಜನಕದ ಸಿಲಿಂಡರ್ ಕಪ್ಪು ಮೈ, ಬಿಳಿ ಹೆಗಲು, ನೈಟ್ರಸ್‌ನದು ನೀಲಿ. ಆದರೆ ಬಣ್ಣ ಸುಲಿದಿರುತ್ತದೆ, ರಾತ್ರಿ ವಿದ್ಯುತ್ ಹೋಗಿರುತ್ತದೆ, ಅವಸರವಿರುತ್ತದೆ. "ಸಿಲಿಂಡರ್ ಕೂರುತ್ತಿಲ್ಲವೆಂದರೆ ಬಲ ಹಾಕಬೇಡ, ನಿಂತು ನೋಡು. ಅದು ನಿನಗೆ ಏನೋ ಹೇಳುತ್ತಿದೆ" ಎಂದಿದ್ದರು. ಇವತ್ತಿಗೂ ಸಿಲಿಂಡರ್ ಬದಲಿಸುವಾಗ ನನ್ನ ಬೆರಳು ಮೊದಲು ಆ ಗುಳಿಗಳನ್ನು ಹುಡುಕುತ್ತದೆ.

ಇದು ಅರಿವಳಿಕೆಯ ಕಡೆಯ ಕೆಲಸ. ಇನ್ನೊಂದು ಕಡೆ ಶಸ್ತ್ರಚಿಕಿತ್ಸಕರ ಕೆಲಸ: ರೋಗಿಯನ್ನು ಮೇಜಿನ ಮೇಲೆ ಸರಿಯಾದ ಭಂಗಿಯಲ್ಲಿ ಮಲಗಿಸುವುದು, ತೋಳಿನ ನರ ಒತ್ತದಂತೆ ಮೆತ್ತೆ ಇಡುವುದು, ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಕಾಟರಿ ಯಂತ್ರದ ಪ್ಲೇಟನ್ನು ಒಣಗಿದ, ಮಾಂಸಲವಾದ ತೊಡೆಯ ಮೇಲೆ ಪೂರ್ತಿ ಅಂಟುವಂತೆ ಹಚ್ಚುವುದು. ಪ್ಲೇಟ್ ಅರ್ಧ ಎದ್ದಿದ್ದರೆ ಅಲ್ಲಿ ಚರ್ಮ ಸುಡುತ್ತದೆ. ರೋಗಿಗೆ ಪ್ರಜ್ಞೆ ಇರುವುದಿಲ್ಲ, ಉರಿಯುತ್ತಿದೆ ಎಂದು ಹೇಳಲಾರರು. ಸಣ್ಣ ಆಸ್ಪತ್ರೆಗಳಲ್ಲಿ ಸ್ಕ್ರಬ್ ಆಗಿ, ಅಂದರೆ ಕೈ ಶುದ್ಧವಾಗಿ ತೊಳೆದು ಗ್ಲೌಸ್ ತೊಟ್ಟು ಮೇಜಿನ ಪಕ್ಕ ನಿಂತು, ಸಲಕರಣೆ ಕೊಡುವುದನ್ನೂ ನಮ್ಮವರು ಮಾಡುತ್ತಾರೆ, ದೊಡ್ಡ ಕಡೆ ಅದು ಹೆಚ್ಚಾಗಿ ನರ್ಸ್‌ಗಳ ಕೆಲಸ.

ನಿಮ್ಮ ಅಪ್ಪನ ಕೈ ಹಿಡಿದು ಯಾವ ಕಡೆ ಎಂದು ಕೇಳಿದರಲ್ಲ, ಅವರು ಮಾತಿಗೆಂದು ಕೇಳಿದ್ದಲ್ಲ. ಹರ್ನಿಯಾದಲ್ಲಿ ಎಡ ಬಲ ತಪ್ಪಬಾರದು. ಕಾಗದದಲ್ಲಿ ಬರೆದಿದ್ದರೂ ರೋಗಿಯ ಬಾಯಿಂದಲೇ ಕೇಳಬೇಕು.

ಹಾಸನದ ವಿದ್ಯಾರ್ಥಿನಿ:

ಅಣ್ಣಾ, ನಾನು ಅರಿವಳಿಕೆ ಮತ್ತು ಓ.ಟಿ. ತಂತ್ರಜ್ಞಾನದ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಕೋರ್ಸ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಡಿಪ್ಲೊಮಾ ರಾಜ್ಯದ ಪ್ಯಾರಾ ಮೆಡಿಕಲ್ ಮಂಡಳಿಯದ್ದು. ನನ್ನ ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರಿ ಮೂರು ವರ್ಷ ಓದಿದ. ವಿಜ್ಞಾನದಲ್ಲಿ ಪಿಯುಸಿ ಆದವರಿಗೆ ಅದು ಎರಡು ವರ್ಷ. ಮನೆಯಲ್ಲಿ ತುರ್ತಾಗಿ ಸಂಪಾದನೆ ಬೇಕಿದ್ದರೆ ಡಿಪ್ಲೊಮಾ, ನಾಲ್ಕು ವರ್ಷ ತಡೆಯುವ ಶಕ್ತಿಯಿದ್ದರೆ ಪದವಿ ಎಂಬುದು ನನ್ನ ಅಭಿಪ್ರಾಯ. ಪದವಿ ಇದ್ದರೆ ಮುಂದೆ ಎಂ.ಎಸ್ಸಿ. ಮಾಡಬಹುದು, ಪಾಠ ಹೇಳಬಹುದು.

ನಿಮ್ಮ ತಂಗಿ ಕನ್ನಡ ಮಾಧ್ಯಮದವಳಾದರೆ ಮೊದಲ ಆರು ತಿಂಗಳು ಅಳು ಬರುತ್ತದೆ. ನನಗೂ ಬಂದಿತ್ತು. ಅಂಗರಚನಾಶಾಸ್ತ್ರದ ಪುಸ್ತಕ ತೆರೆದರೆ ಒಂದು ಸಾಲೂ ದಾಟಲು ಆಗುತ್ತಿರಲಿಲ್ಲ. ಆಗ ನಮ್ಮ ಹಿರಿಯ ವಿದ್ಯಾರ್ಥಿನಿಯೊಬ್ಬರು, ಅವರು ಬೇಲೂರಿನವರು, ಪದದ ಬಾಲ ಹಿಡಿಯುವುದನ್ನು ಕಲಿಸಿಕೊಟ್ಟರು. ಕೊನೆಯಲ್ಲಿ "ಎಕ್ಟಮಿ" ಬಂದರೆ ತೆಗೆದುಹಾಕುವುದು. "ಆಟಮಿ" ಎಂದರೆ ಕೊಯ್ದು ತೆರೆಯುವುದು. "ಆಸ್ಟಮಿ" ಎಂದರೆ ಹೊಸದಾಗಿ ಬಾಯಿ ಮಾಡಿ ಬಿಡುವುದು. "ರಾಫಿ" ಎಂದರೆ ಹೊಲಿಯುವುದು, "ಪ್ಲಾಸ್ಟಿ" ಎಂದರೆ ಸರಿಪಡಿಸಿ ರೂಪ ಕೊಡುವುದು. ನಿಮ್ಮ ತಂದೆಯವರ ಕಾಗದ ತೆಗೆದು ನೋಡಲು ಹೇಳಿ. ಹರ್ನಿಯೊರಾಫಿ ಎಂದಿದ್ದರೆ ಹೊಲಿಗೆಯಿಂದ ಮುಚ್ಚಿದ್ದಾರೆ, ಹರ್ನಿಯೊಪ್ಲಾಸ್ಟಿ ಎಂದಿದ್ದರೆ ಸಾಮಾನ್ಯವಾಗಿ ಜಾಲರಿ ಇಟ್ಟು ಬಲಪಡಿಸಿದ್ದಾರೆ. ಹೀಗೆ ಐವತ್ತು ಪದ ಬಿಡಿಸಿದರೆ ಪುಸ್ತಕದ ಹೆದರಿಕೆ ಹೋಗುತ್ತದೆ. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದೇನೆ. ಈಗ ಅದು ಜೂನಿಯರ್‌ಗಳ ಕೈಯಲ್ಲಿ ಸುತ್ತುತ್ತಿದೆ, ಮರಳಿ ಬಂದರೆ ನಕಲು ತೆಗೆದು ಕಳುಹಿಸುತ್ತೇನೆ.

ಅರಸೀಕೆರೆಯಿಂದ ಒಬ್ಬ:

ಕಾಲೇಜಿನ ವಿಷಯ ನಾನು ಹೇಳಲೇಬೇಕು. ನಾನು ಸೇರಿದ್ದ ಸಂಸ್ಥೆಯ ಹೆಸರು ಬೇಡ, ಊರೂ ಬೇಡ. ಮೂರು ಅಂತಸ್ತಿನ ಕಟ್ಟಡ, ಚಂದದ ಕರಪತ್ರ, ಹೊರಗೆ ದೊಡ್ಡ ಫಲಕ. ಸೇರಿದ ಮೇಲೆ ತಿಳಿಯಿತು, ಅವರಿಗೆ ಸ್ವಂತ ಆಸ್ಪತ್ರೆ ಇಲ್ಲ. ಯಾವುದೋ ನರ್ಸಿಂಗ್ ಹೋಮ್ ಜೊತೆ ಒಪ್ಪಂದ ಇದೆ ಎಂದರು. ಎರಡು ವರ್ಷದಲ್ಲಿ ನಾನು ಥಿಯೇಟರ್ ಒಳಗೆ ನಿಂತಿದ್ದು ಇಪ್ಪತ್ತು ದಿನವೂ ಇರಲಿಕ್ಕಿಲ್ಲ. ಸಲಕರಣೆಗಳನ್ನು ಗೋಡೆಗೆ ಹಾಕಿದ ಚಿತ್ರಪಟದಲ್ಲಿ ನೋಡಿ ಬಾಯಿಪಾಠ ಮಾಡಿದೆ. ಮೊದಲ ಕೆಲಸದಲ್ಲಿ ಡಾಕ್ಟರ್ ಆಲಿಸ್ ಕೇಳಿದರೆ ಬ್ಯಾಬ್‌ಕಾಕ್ ಕೊಟ್ಟೆ, ಎರಡೂ ಹಿಡಿಯುವ ಇಕ್ಕಳಗಳು. ಆಲಿಸ್‌ಗೆ ತುದಿಯಲ್ಲಿ ಹಲ್ಲುಗಳಿವೆ, ಬ್ಯಾಬ್‌ಕಾಕ್ ನಯವಾಗಿ ದುಂಡಗಿರುತ್ತದೆ, ಕರುಳನ್ನು ಗಾಯವಾಗದಂತೆ ಹಿಡಿಯಲೆಂದೇ ಇರುವುದು. ಕೈಯಲ್ಲಿ ಹಿಡಿದಿದ್ದರೆ ಒಂದು ದಿನದಲ್ಲಿ ತಿಳಿಯುತ್ತಿತ್ತು. ಅಪ್ಪ ಎಮ್ಮೆ ಮಾರಿ ಶುಲ್ಕ ಕಟ್ಟಿದ್ದರು. ಬರೆಯುವಾಗ ಈಗಲೂ ಎದೆ ಉರಿಯುತ್ತದೆ.

ಆದ್ದರಿಂದ ಅಣ್ಣ, ಶುಲ್ಕ ಕೇಳುವ ಮೊದಲು ಕೇಳಬೇಕಾದದ್ದು: ಆಸ್ಪತ್ರೆ ಯಾವುದು, ದಿನಕ್ಕೆ ಎಷ್ಟು ಆಪರೇಷನ್ ಆಗುತ್ತವೆ, ಒಂದು ಥಿಯೇಟರಿಗೆ ಎಷ್ಟು ವಿದ್ಯಾರ್ಥಿಗಳನ್ನು ಬಿಡುತ್ತಾರೆ, ಮೂಳೆ, ಹೆರಿಗೆ, ಕಿವಿ ಮೂಗು ಗಂಟಲು, ಎಲ್ಲ ವಿಭಾಗಕ್ಕೂ ಪಾಳಿಯಂತೆ ಕಳುಹಿಸುತ್ತಾರೆಯೇ. ಮಾನ್ಯತೆಯ ಪತ್ರ ಈ ವರ್ಷದ್ದೇ ಎಂದು ಕಣ್ಣಾರೆ ನೋಡಿ. ಕಚೇರಿಯವರ ಮಾತು ನಂಬಿ ಬರಬೇಡಿ, ಹಾಸ್ಟೆಲ್ ಹತ್ತಿರ ಚಹಾ ಅಂಗಡಿಯಲ್ಲಿ ಎರಡನೆಯ ವರ್ಷದ ಮಕ್ಕಳನ್ನು ಮಾತಾಡಿಸಿ.

ಹೊಳೆನರಸೀಪುರದ ತಂತ್ರಜ್ಞ:

ತುಂಬಾ ನೋವಿನ ಮಾತು. ಇದಕ್ಕೇ ನಾನು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವಲ್ಲಿ ಮೊದಲು ವಿಚಾರಿಸಿ ಎನ್ನುವುದು. ಹಾಸನದ ವೈದ್ಯಕೀಯ ಕಾಲೇಜು 2006ರಲ್ಲಿ ಶುರುವಾದ ಮೇಲೆ ಈ ಕಡೆಯ ಮಕ್ಕಳಿಗೆ ದೊಡ್ಡ ಆಸ್ಪತ್ರೆ ಎಂದರೆ ಮೈಸೂರು, ಬೆಂಗಳೂರೇ ಆಗಬೇಕೆಂಬುದು ತಪ್ಪಿತು. ಸಕಲೇಶಪುರ ಘಾಟಿಯ ಅಪಘಾತ, ಆನೆ ತುಳಿದವರು, ತೋಟದಲ್ಲಿ ಮರದಿಂದ ಬಿದ್ದವರು, ರಾತ್ರೋರಾತ್ರಿ ಬರುವ ಹೆರಿಗೆ. ಅಂಥ ಕಡೆ ಒಂದು ವರ್ಷ ನಿಂತವರ ಕೈ ಬೇರೆಯೇ ಆಗಿರುತ್ತದೆ.

ಚಿಕ್ಕಮಗಳೂರಿನ ಓದುಗ:

ಒಂದು ವಿರೋಧದ ಮಾತು, ಯಾರೂ ಬೇಸರ ಮಾಡಿಕೊಳ್ಳಬೇಡಿ. ಹುಡುಗಿಗೆ ಬಿ.ಎಸ್ಸಿ. ನರ್ಸಿಂಗ್ ಏಕೆ ಬೇಡ? ಅದೂ ನಾಲ್ಕೇ ವರ್ಷ. ವಾರ್ಡ್, ಐಸಿಯು, ಥಿಯೇಟರ್, ಪ್ರಾಥಮಿಕ ಆರೋಗ್ಯ ಕೇಂದ್ರ, ವಿದೇಶ, ಎಲ್ಲ ಕಡೆ ಬಾಗಿಲು ತೆರೆದಿರುತ್ತದೆ. ಓ.ಟಿ. ತಂತ್ರಜ್ಞರಿಗೆ ಥಿಯೇಟರ್ ಒಂದೇ. ಸರ್ಕಾರಿ ಹುದ್ದೆಗಳೂ ನರ್ಸ್‌ಗಳಿಗೆ ಹೋಲಿಸಿದರೆ ಬಹಳ ಕಡಿಮೆ.

ಹಾಸನದ ವಿದ್ಯಾರ್ಥಿನಿ:

ಸರ್, ನೀವು ಹೇಳಿದ್ದು ನಿಜ, ಹುದ್ದೆಗಳ ವಿಷಯದಲ್ಲಿ ವಾದಿಸುವುದಿಲ್ಲ. ಆದರೆ 2021ರಲ್ಲಿ ಸಂಸತ್ತು ನಮ್ಮಂಥ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ. ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ತಂತ್ರಜ್ಞಾನ ಅದರ ಪಟ್ಟಿಯಲ್ಲಿದೆ. ಡಿಪ್ಲೊಮಾ ಆದರೂ ಕನಿಷ್ಠ 2000 ಗಂಟೆಗಳ ಕಲಿಕೆ ಇರಬೇಕೆಂದು ಅದರಲ್ಲೇ ಹೇಳಿದೆ. ಅರಸೀಕೆರೆಯ ಅಣ್ಣನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದರೆ ಇಂಥ ಕಾನೂನು ಬೇಕೇ ಬೇಕಿತ್ತು.

ನಿವೃತ್ತ ಶುಶ್ರೂಷಕಿ, ಚನ್ನರಾಯಪಟ್ಟಣ:

ಮಕ್ಕಳೇ, ನಾನು ನರ್ಸ್. 31 ವರ್ಷ ಥಿಯೇಟರಿನಲ್ಲಿ ಕಳೆದೆ. ನರ್ಸ್ ದೊಡ್ಡವಳೋ ತಂತ್ರಜ್ಞ ದೊಡ್ಡವನೋ ಎಂಬ ಮಾತು ಒಳಗೆ ನಡೆಯುವುದಿಲ್ಲ, ಒಂದು ಮಾಪ್ ಕಡಿಮೆ ಬಂದ ದಿನ ಅದು ಚೆನ್ನಾಗಿ ಅರ್ಥವಾಗುತ್ತದೆ.

ಮಾಪ್ ಎಂದರೆ ಹೊಟ್ಟೆಯೊಳಗೆ ರಕ್ತ ಒತ್ತಿ ತೆಗೆಯುವ, ನಾಲ್ಕು ಪದರ ಮಡಿಸಿ ಹೊಲಿದ ಬಟ್ಟೆ. ಐದೈದು ಕಟ್ಟಾಗಿ ಎಣಿಸಿ ಇಡುತ್ತೇವೆ. ಕೊಯ್ಯುವ ಮೊದಲು ಒಂದು ಸಲ, ಹೊಟ್ಟೆ ಮುಚ್ಚುವ ಮೊದಲು ಒಂದು ಸಲ, ಚರ್ಮ ಹೊಲಿಯುವಾಗ ಇನ್ನೊಂದು ಸಲ ಇಬ್ಬರು ಜೋರಾಗಿ ಎಣಿಸಬೇಕು. ಒಂದು ರಾತ್ರಿ, ಗರ್ಭಕೋಶದ ಆಪರೇಷನ್, ಎರಡೂವರೆ ಗಂಟೆ ಆಗಿತ್ತು. ಹದಿನೈದು ಇಟ್ಟಿದ್ದೆವು, ಹದಿನಾಲ್ಕು ಬಂತು. ಡಾಕ್ಟರ್ ಸುಸ್ತಾಗಿದ್ದರು. "ನಾನು ನೋಡಿದ್ದೇನೆ, ಒಳಗೆ ಏನೂ ಇಲ್ಲ, ಹೊಲಿಯೋಣ" ಎಂದರು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗನೊಬ್ಬ ತಂತ್ರಜ್ಞನಾಗಿದ್ದ. ಕಡ್ಡಿಯಂಥ ಹುಡುಗ, ದನಿಯೂ ಏಳುತ್ತಿರಲಿಲ್ಲ. ಅವನು "ಸರ್, ಹದಿನಾಲ್ಕೇ ಇದೆ" ಎಂದ. ಮತ್ತೆ ಕೇಳಿದ್ದಕ್ಕೆ ಮತ್ತೆ ಅದೇ ಎಂದ. ಆಮೇಲೆ ಮಂಡಿಯೂರಿ ಕುಳಿತು, ರಕ್ತದ ಬಟ್ಟೆಗಳ ಬಕೆಟ್ ನೆಲಕ್ಕೆ ಸುರಿದು ಒಂದೊಂದನ್ನೇ ಬಿಡಿಸಿದ. ಒಂದರೊಳಗೆ ಇನ್ನೊಂದು ಅಂಟಿಕೊಂಡಿತ್ತು. ರಕ್ತ ಹೆಪ್ಪುಗಟ್ಟಿ ಎರಡೂ ಒಂದೇ ಉಂಡೆಯಾಗಿತ್ತು. ಬಿಡಿಸಿ ಎತ್ತಿ ಹಿಡಿದಾಗ ಡಾಕ್ಟರ್ ಏನೂ ಹೇಳಲಿಲ್ಲ. ಹೊಲಿಗೆ ಮುಗಿದ ಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು ಹೋದರು. ಅದು ಸಿಗದಿದ್ದರೆ ಎಕ್ಸ್‌ರೇ ತೆಗೆಸಬೇಕಿತ್ತು. ಮಾಪ್‌ನಲ್ಲಿ ಎಕ್ಸ್‌ರೇಗೆ ಕಾಣುವ ಒಂದು ಎಳೆ ಇರುತ್ತದೆ, ಅದು ಇರುವುದೇ ಇಂಥ ಸಮಯಕ್ಕೆ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ತಪಾಸಣಾ ಪಟ್ಟಿ ತಂದಿತು: ಅರಿವಳಿಕೆ ಕೊಡುವ ಮೊದಲು, ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು, ಮೂರು ಸಲ ಎಲ್ಲರೂ ನಿಂತು ಕೇಳಿ ಹೇಳಬೇಕು. ಅದರಲ್ಲಿ ಎಣಿಕೆಯೂ ಇದೆ. ನಿಮ್ಮ ಹುಡುಗಿಗೆ ಇದನ್ನು ಹೇಳಿ ಅಣ್ಣ. ಹಿರಿಯರ ಎದುರು "ಇಲ್ಲ ಸರ್, ಒಂದು ಕಡಿಮೆ ಇದೆ" ಎನ್ನುವ ಧೈರ್ಯ ಅವಳಿಗೆ ಇದೆಯೇ ಎಂದು ಅವಳೇ ಯೋಚಿಸಲಿ. ನಮ್ಮ ಹೆಣ್ಣುಮಕ್ಕಳನ್ನು ತಗ್ಗಿದ ದನಿಯಲ್ಲಿ ಮಾತಾಡು ಎಂದು ಬೆಳೆಸುತ್ತೇವೆ. ಅಲ್ಲಿ ಆ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ಇನ್ನೊಂದು. ಹಬೆಯಿಂದ ಕ್ರಿಮಿ ಕೊಲ್ಲುವ ಆಟೊಕ್ಲೇವ್ ಯಂತ್ರದಿಂದ ಬಂದ, ಬಟ್ಟೆ ಸಲಕರಣೆ ತುಂಬಿದ ಡ್ರಮ್ ಮೇಲಿನ ಟೇಪಿನ ಗೆರೆ ಕಪ್ಪಾಗಿದ್ದರೆ ಸಾಕು ಎಂದು ಹೊಸ ಮಕ್ಕಳು ತಿಳಿಯುತ್ತಾರೆ. ಆ ಗೆರೆ ಡ್ರಮ್ ಬಿಸಿ ಹಬೆಯೊಳಗೆ ಹೋಗಿ ಬಂತು ಎಂದಷ್ಟೇ ಹೇಳುತ್ತದೆ. 121 ಡಿಗ್ರಿಯಲ್ಲಿ, 15 ಪೌಂಡ್ ಒತ್ತಡದಲ್ಲಿ, ಪೂರ್ತಿ ಹೊತ್ತು ಇತ್ತೇ ಎಂಬುದನ್ನು ದಾಖಲೆ ಪುಸ್ತಕ ನೋಡಿ ತಿಳಿಯಬೇಕು. ಡ್ರಮ್ ಒಳಗಿಡುವಾಗ ಪಕ್ಕದ ಕಿಂಡಿಗಳನ್ನು ತೆರೆದಿದ್ದರೇ ಎಂದೂ ಕೇಳಬೇಕು. ಕಿಂಡಿ ಮುಚ್ಚಿದ್ದರೆ ಹಬೆ ಒಳಗೆ ಹೋಗುವುದೇ ಇಲ್ಲ, ಟೇಪ್ ಮಾತ್ರ ಕಪ್ಪಾಗಿರುತ್ತದೆ.

ಅರಕಲಗೂಡಿನ ಅಣ್ಣ:

ಅಮ್ಮಾ, ನಿಮ್ಮ ಬರಹವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅಮ್ಮ ಒಲೆ ಮುಂದೆ ಕುಳಿತು ಪೂರ್ತಿ ಕೇಳಿದರು. ಆಮೇಲೆ "ಆ ಹುಡುಗ ಈಗ ಎಲ್ಲಿದ್ದಾನಂತೆ" ಎಂದು ಕೇಳಿದರು. ರಾತ್ರಿ ಪಾಳಿಯ ಬಗ್ಗೆ ಯಾರಾದರೂ ಹೆಣ್ಣುಮಕ್ಕಳೇ ಬರೆದರೆ ಅವರಿಗೆ ತೋರಿಸುತ್ತೇನೆ.

ನಿವೃತ್ತ ಶುಶ್ರೂಷಕಿ, ಚನ್ನರಾಯಪಟ್ಟಣ:

ಅವನು ಈಗ ಬೆಂಗಳೂರಿನಲ್ಲಿ ಹೃದಯದ ಆಪರೇಷನ್‌ಗಳಲ್ಲಿ ಇದ್ದಾನೆ ಎಂದು ಅಮ್ಮನಿಗೆ ಹೇಳಿ. ಪ್ರತಿ ಯುಗಾದಿಗೆ ಫೋನ್ ಮಾಡುತ್ತಾನೆ.

ಮೂಡಿಗೆರೆಯ ಮಗಳು:

ಅಕ್ಕನ ಸ್ಥಾನದಲ್ಲಿ ನಿಂತು ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಏಳು ವರ್ಷದಿಂದ ಇದ್ದೇನೆ, ಮದುವೆಯಾಗಿ ಒಂದು ಮಗು ಇದೆ. ರಾತ್ರಿ ಪಾಳಿ ಇದೆ, ಸುಳ್ಳು ಹೇಳುವುದಿಲ್ಲ. ವಾರಕ್ಕೆ ಎರಡು ರಾತ್ರಿ ತುರ್ತು ಕರೆಗೆ ಸಿದ್ಧವಿರಬೇಕು. ಆಸ್ಪತ್ರೆಯವರು ವಾಹನ ಕಳುಹಿಸುತ್ತಾರೆ. ಸೇರುವ ಮುನ್ನ ಅದನ್ನು ಬರೆಸಿಕೊಂಡೇ ಸಹಿ ಮಾಡಿದೆ, ನಿಮ್ಮ ತಂಗಿಯೂ ಹಾಗೆಯೇ ಮಾಡಲಿ. ಮೊದಲ ಸಂಬಳ ಕಡಿಮೆ, ಹಾಸ್ಟೆಲ್ ಬಾಡಿಗೆ ಕಳೆದರೆ ಮನೆಗೆ ಕಳುಹಿಸಲು ಹೆಚ್ಚು ಉಳಿಯುವುದಿಲ್ಲ. ನಾಲ್ಕೈದು ತಾಸು ನಿಂತೇ ಇರಬೇಕು, ಕಾಲಿನ ನರ ಉಬ್ಬುತ್ತದೆ. ಮೂಳೆಯ ಆಪರೇಷನ್‌ನಲ್ಲಿ ಆಪರೇಷನ್ ನಡೆಯುವಾಗಲೇ ಮೂಳೆ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಯಂತ್ರ ಇರುತ್ತದೆ, ಸೀಸದ ಏಪ್ರನ್ ಹಾಕದೆ ಒಳಗೆ ನಿಲ್ಲಬಾರದು. ನಾನು ಬಸುರಿಯಾದ ದಿನವೇ ಮೇಲಿನವರಿಗೆ ತಿಳಿಸಿ ಆ ಕೋಣೆಯಿಂದ ಬದಲಾಯಿಸಿಕೊಂಡೆ. ನಾಚಿಕೆಪಟ್ಟು ಮುಚ್ಚಿಡುವ ವಿಷಯವಲ್ಲ ಅದು.

ಇಷ್ಟೆಲ್ಲ ಇದ್ದೂ ಏಕೆ ಬಿಡಲಿಲ್ಲ ಎಂದರೆ ಒಂದು ಬೆಳಗಿನ ಮಾತು ಹೇಳುತ್ತೇನೆ. ಕೊಪ್ಪದ ಕಡೆಯ ಅಜ್ಜಿ, ತೊಡೆಯ ಮೂಳೆ ಮುರಿದಿತ್ತು. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಚುಚ್ಚುಮದ್ದು ಕೊಡಬೇಕು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದರೆ ಮಾತ್ರ ಬೆನ್ನುಮೂಳೆಯ ಸಂದು ತೆರೆದುಕೊಳ್ಳುತ್ತದೆ. ಡಾಕ್ಟರ್ ಹೊರರಾಜ್ಯದವರು, "ಬೆಂಡ್, ಬೆಂಡ್" ಎನ್ನುತ್ತಿದ್ದರು. ಅಜ್ಜಿ ಹೆದರಿ ಇನ್ನೂ ಸೆಟೆದು ಕುಳಿತರು. ನಾನು ಎದುರು ನಿಂತು ಅವರ ಹಣೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡು, "ಅಜ್ಜಿ, ಹಾಲು ಕರೆಯಲು ಹಸುವಿನ ಮಗ್ಗುಲಲ್ಲಿ ಕುಳಿತ ಹಾಗೆ ಬೆನ್ನು ಬಗ್ಗಿಸಿ" ಎಂದೆ. ಕೂಡಲೇ ಬಗ್ಗಿದರು. ಒಂದೇ ಚುಚ್ಚಿಗೆ ಆಯಿತು. ಆಪರೇಷನ್ ಮುಗಿಯುವವರೆಗೂ ತಮ್ಮ ಹಸುವಿನ ಹೆಸರು ಹೇಳುತ್ತಾ ನನ್ನ ಕೈ ಹಿಡಿದಿದ್ದರು.

ತಂಗಿ, ಅರಕಲಗೂಡು:

ಅಣ್ಣನ ಮೊಬೈಲಿನಿಂದ ಬರೆಯುತ್ತಿದ್ದೇನೆ. ನಿನ್ನೆ ನಾನು ಮತ್ತು ಅಣ್ಣ ಹಾಸನಕ್ಕೆ ಹೋಗಿ ಎರಡು ಕಡೆ ವಿಚಾರಿಸಿ ಬಂದೆವು. ಅರಸೀಕೆರೆಯ ಅಣ್ಣ ಹೇಳಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಒಂದು ಕಡೆ ಉತ್ತರ ಕೊಡದೆ ಕರಪತ್ರ ಕೊಟ್ಟರು, ಅಲ್ಲಿಂದ ಎದ್ದು ಬಂದೆವು. ಇನ್ನೊಂದು ಕಡೆ ವಿದ್ಯಾರ್ಥಿಗಳ ಪಾಳಿಯ ಪಟ್ಟಿಯನ್ನೇ ತೋರಿಸಿದರು. ಅಪ್ಪನ ಕಾಗದದಲ್ಲಿ ಹರ್ನಿಯೊಪ್ಲಾಸ್ಟಿ ಎಂದೇ ಇದೆ, ಅಕ್ಕಾ. ಅಪ್ಪನಿಗೆ ಜಾಲರಿ ಇಟ್ಟಿದ್ದಾರೆಂದು ಹೇಳಿದರೆ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡರು.

ನನ್ನ ತಲೆಸುತ್ತಿನ ವಿಷಯಕ್ಕೆ ಯಾರೂ ಉತ್ತರ ಬರೆಯಲಿಲ್ಲ. ರಕ್ತ ನೋಡಿದರೆ ಬೀಳುವವರು ಈ ಕೆಲಸಕ್ಕೆ ಬರಬಾರದೇ? ನಿಜ ಹೇಳಿ.

ಹೊಳೆನರಸೀಪುರದ ತಂತ್ರಜ್ಞ:

ಬರಬಹುದು ತಂಗಿ. ನಾನು ನೋಡಿದ ಮಟ್ಟಿಗೆ ಮೊದಲ ತಿಂಗಳು ತುಂಬ ಮಂದಿಗೆ ಆಗುತ್ತದೆ, ಭಾವಿ ಡಾಕ್ಟರುಗಳಿಗೂ ಆಗುತ್ತದೆ. ಬೆಳಿಗ್ಗೆ ತಿಂಡಿ ತಿನ್ನದೆ ಒಳಗೆ ಬರಬೇಡ. ಮೊಣಕಾಲನ್ನು ಬಿಗಿ ಮಾಡಿಕೊಂಡು ಕಂಬದಂತೆ ನಿಲ್ಲಬೇಡ, ಕಾಲ್ಬೆರಳು ಆಡಿಸುತ್ತಿರು. ಕಿವಿಯಲ್ಲಿ ಗುಂಯ್ ಎಂದರೆ, ಬೆವರು ಬಂದರೆ, ಸ್ಟೆರೈಲ್ (ಕ್ರಿಮಿರಹಿತ) ಬಟ್ಟೆ ಹೊದಿಸಿದ ಕಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಡು. ಯಾರೂ ಬೈಯುವುದಿಲ್ಲ. ತಡೆದುಕೊಂಡು ನಿಂತು ಟೇಬಲ್ ಮೇಲೆ ಬಿದ್ದರೆ ಮಾತ್ರ ತೊಂದರೆ. ಎರಡು ತಿಂಗಳಾದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸು.

ಮೂಡಿಗೆರೆಯ ಮಗಳು:

ತರಗತಿ ಶುರುವಾಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೋ, ಅದು ರಕ್ತದಿಂದಲೂ ಹರಡುವ ಯಕೃತ್ತಿನ ರೋಗ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಚಿಕ್ಕವಳಿದ್ದಾಗ ಹಾಕಿಸಿದ್ದರೆ ಆ ಕಾರ್ಡ್ ಹುಡುಕಿ ವೈದ್ಯರಿಗೆ ತೋರಿಸು, ರಕ್ತ ಪರೀಕ್ಷೆ ಮಾಡಿ ಮತ್ತೆ ಬೇಕೇ ಎಂದು ಹೇಳುತ್ತಾರೆ. ಥಿಯೇಟರಿನಲ್ಲಿ ಸೂಜಿ ಚುಚ್ಚುವುದು ಯಾರಿಗೂ ತಪ್ಪಿದ್ದಲ್ಲ. ಬಳಸಿದ ಸೂಜಿಗೆ ಮುಚ್ಚಳ ಮರಳಿ ಹಾಕಲು ಹೋಗಬೇಡ.

ತಂಗಿ, ಅರಕಲಗೂಡು:

ಅಮ್ಮ ಪೆಟ್ಟಿಗೆ ತೆಗೆದು ಕಾರ್ಡ್ ಹುಡುಕುತ್ತಿದ್ದಾರೆ ಅಕ್ಕಾ. ಅಂಗನವಾಡಿಯಲ್ಲಿ ಕೊಟ್ಟ ಹಳದಿ ಕಾರ್ಡ್ ಸಿಕ್ಕಿದೆ, ಅಕ್ಷರ ಸ್ವಲ್ಪ ಮಾಸಿದೆ. ನಾಳೆ ಆರೋಗ್ಯ ಕೇಂದ್ರಕ್ಕೆ ತೆಗೆದುಕೊಂಡು ಹೋಗುತ್ತೇನೆ.